ಕಂಬದ ಮೇಲಿನ ಕೆಂಪು ಬಟ್ಟೆ

"ಇವತ್ತು ಹಾರಿಸಬೇಡಿ. ಗಾಳಿ ಜೋರಿದೆ."

ಬೆನ್ನ ಹಿಂದಿನ ಆ ದನಿ ಕೇಳಿದ್ದೇ ತಡ, ಶರಣ್ಯ ಕೈಯಲ್ಲಿದ್ದ ಪುಟ್ಟ ಡ್ರೋನನ್ನು ಬಿಗಿಯಾಗಿ ಹಿಡಿದುಕೊಂಡಳು. ಎಂಟು ವರ್ಷ ಕಳೆದಿದ್ದರೂ ಅದು ಯಾರೆಂದು ತಿಳಿಯಲು ಅವಳು ತಿರುಗಿ ನೋಡಬೇಕಾಗಿರಲಿಲ್ಲ.

ಅಂಬುಜಮ್ಮ ಕಳಿಸಿದ ಎರಡು ಲೋಟ ಕಾಫಿ ಹಿಡಿದು ರುದ್ರೇಶ್ ತಾರಸಿಯ ಬಾಗಿಲಲ್ಲಿ ನಿಂತಿದ್ದ.

'ಹಾರಿಸಬೇಡಿ' ಅಂತೆ... ಒಂದು ಕಾಲಕ್ಕೆ 'ಲೇ ಶರಣಿ' ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದವನ ಬಾಯಲ್ಲಿ ಬಹುವಚನ! ಅವಳಿಗೆ ಅಳು ಬಂದಂತಾಯಿತು.

ಚಾಮರಾಜಪೇಟೆಯ ಈ ಮನೆಯಲ್ಲೇ ಶರಣ್ಯ ಬೆಳೆದದ್ದು, ಬಾಡಿಗೆಗೆ. ಮನೆಯ ಒಡತಿ ಅಂಬುಜಮ್ಮನಿಗೆ ಈಗ ಎಂಬತ್ತು. ಮಂಡಿನೋವಿನಿಂದಾಗಿ ಅವರು ತಾರಸಿ ಹತ್ತಿ ಆರು ವರ್ಷವಾಗಿತ್ತು. ನಮ್ಮ ಬೀದಿಯನ್ನು ಒಂದು ಸಲ ಮೇಲಿನಿಂದ ತೋರಿಸೇ ಎಂದು ಫೋನ್ ಮಾಡಿ ಕೇಳಿದ್ದರು. ಮದುವೆಗಳ ವಿಡಿಯೋ ತೆಗೆಯುವ ಶರಣ್ಯಳಿಗೆ ಆಷಾಢ ಹೇಗೂ ಬಿಡುವಿನ ತಿಂಗಳು. ಶ್ರಾವಣ ಹುಟ್ಟಿದ ಕೂಡಲೇ ತುಮಕೂರಿನಿಂದ ಅವಳನ್ನೇ ನೋಡಲು ಗಂಡಿನ ಕಡೆಯವರು ಬರುವವರಿದ್ದರು. ಒಪ್ಪಿಕೊಳ್ಳುವ ಮೊದಲು ಹಳೆಯದಕ್ಕೆಲ್ಲ ಒಂದು ಸಲ ಕೈಮುಗಿದು ಬರೋಣವೆಂದು ಬಂದಿದ್ದಳು.

ಹಳೆಯದೆಂದರೆ ಗಾಳಿಪಟ, ಆಷಾಢದ ಸಂಜೆಗಳು, ಮತ್ತು ಇವನು.

ರುದ್ರೇಶನ ಮನೆ ಪೂರ್ವಕ್ಕೆ, ಒಂದು ಮನೆಯಾಚೆ. ಗಾಳಿ ಯಾವ ಕಡೆಗಿದೆಯೆಂದು ನೋಡಲು ಅವನ ತಾರಸಿಯ ಕಂಬಕ್ಕೆ ಕೆಂಪು ಬಟ್ಟೆಯ ತುಂಡು ಕಟ್ಟಿರುತ್ತಿತ್ತು. ಜಗಳವಾದರೆ ಅದನ್ನು ಬಿಚ್ಚುತ್ತಿದ್ದ, ಕೋಪ ಇಳಿದಾಗ ಮತ್ತೆ ಕಟ್ಟುತ್ತಿದ್ದ. ಕಟ್ಟಿದ್ದು ಕಂಡರೆ ಇವಳು ಹೋಗಬೇಕು. ಅಲ್ಲಿಯವರೆಗೆ ಮಾತಿಲ್ಲ. ಮಕ್ಕಳಾಗಿದ್ದಾಗ ಮಾಡಿಕೊಂಡ ಈ ನಿಯಮವನ್ನು ಇಪ್ಪತ್ತು ದಾಟಿದ ಮೇಲೂ ಇಬ್ಬರೂ ಬಿಟ್ಟಿರಲಿಲ್ಲ.

ಅವಳು ಕ್ಯಾಮೆರಾ ಕಲಿಯಲು ಹೊರಟಾಗ, ಕಂಡವರ ಮದುವೆಮನೆ ಸುತ್ತುವುದು ಹುಡುಗಿಯರಿಗೆ ಹೇಳಿಸಿದ ಕೆಲಸವಲ್ಲ ಎಂದುಬಿಟ್ಟಿದ್ದ ರುದ್ರೇಶ್. ಶರಣ್ಯ ಒಂದು ತಿಂಗಳು ತಾರಸಿಯತ್ತ ತಲೆ ಹಾಕಲಿಲ್ಲ. ಕೋಪ ಕರಗಿ ಹತ್ತಿ ನೋಡಿದರೆ, ನಡುವಿನ ಮನೆಯವರು ಮೇಲೊಂದು ಅಂತಸ್ತಿನ ಗೋಡೆ ಎಬ್ಬಿಸಿದ್ದರು. ಕಂಬ ಕಾಣುತ್ತಿರಲಿಲ್ಲ. ಹೋಗಿ ಕೇಳಬಹುದಿತ್ತು. ಆದರೆ ಅವನು ಬಟ್ಟೆ ಕಟ್ಟಿರದಿದ್ದರೆ...? ಆ ಭಯಕ್ಕೆ ಸ್ವಾಭಿಮಾನವೆಂದು ಹೆಸರಿಟ್ಟುಕೊಂಡು ಸುಮ್ಮನಾದಳು. ಆಮೇಲೆ ಅವಳ ಮನೆಯವರು ಮಲ್ಲೇಶ್ವರಕ್ಕೆ ಹೋದರು.

"ನಂಗೂ ಗಾಳಿ ಗೊತ್ತು," ಎಂದಳು ಶರಣ್ಯ, ತಿರುಗದೆ.

"ಹಾಗಾದ್ರೆ ಮೊದಲು ಗಾಳಿಗೆ ಎದುರಾಗಿ ಕಳಿಸಿ. ಬರೋವಾಗ ಗಾಳಿನೇ ತಳ್ಕೊಂಡು ಬರುತ್ತೆ."

ಸರಿಯಾದ ಮಾತು. ಅವಳಿಗೂ ಗೊತ್ತಿದ್ದ ಮಾತು. ಆದರೆ ಹೇಳಿದ್ದು ಅವನಲ್ಲವೇ? ಬೇಕೆಂದೇ ಡ್ರೋನನ್ನು ಗಾಳಿಯ ಜೊತೆಗೇ, ಪೂರ್ವಕ್ಕೆ ಬಿಟ್ಟಳು. ಆ ದಿಕ್ಕಿನಲ್ಲಿ ಬೇರೇನು ಆಸೆಯಿತ್ತೋ, ಅದನ್ನು ಅವಳನ್ನೇ ಕೇಳಬೇಕು.

ಹೋಗುವಾಗ ಹೂವಿನಂತೆ ಹೋಯಿತು. ಗೋಡೆ ದಾಟಿದ ಮೇಲೆ ಹಿಂದಕ್ಕೆ ಎಳೆದರೆ ಬರಲೊಲ್ಲದು, ಇದ್ದಲ್ಲೇ ಒದ್ದಾಡತೊಡಗಿತು. ಗಾಳಿ ಹೆಚ್ಚಿದೆಯೆಂಬ ಎಚ್ಚರಿಕೆ ಪರದೆಯಲ್ಲಿ ಮಿನುಗಿತು. ಬ್ಯಾಟರಿ ಮೂವತ್ತು... ಇಪ್ಪತ್ತೆರಡು... ಕೆಳಗೆ ಜನ ಓಡಾಡುವ ಬೀದಿ. ಯಾರ ತಲೆಯ ಮೇಲಾದರೂ ಬಿದ್ದರೆ?

"ಶರಣಿ, ವಾಪಸ್ ತರೋ ಹಠ ಬಿಡು. ಮೇಲೆ ಗಾಳಿ ಜಾಸ್ತಿ ಇರುತ್ತೆ, ಕೆಳಗೆ ತಗೋ. ನಮ್ಮ ಟೆರೇಸ್ ಮೇಲೇ ಇಳಿಸ್ಬಿಡು."

ಬಹುವಚನ ಎಲ್ಲಿಗೋ ಹಾರಿಹೋಗಿತ್ತು.

ಅವಳು ಮೆಲ್ಲಗೆ ಇಳಿಸುತ್ತ ಬಂದಳು. ಪರದೆಯಲ್ಲಿ ನೀರಿನ ಟ್ಯಾಂಕ್ ಕಂಡಿತು, ಹೂಕುಂಡಗಳು ಕಂಡವು, ಆಮೇಲೆ ಕಂಬ ಕಂಡಿತು. ಕಂಬದಲ್ಲಿ ಕೆಂಪು ಬಟ್ಟೆ ಗಾಳಿಗೆ ನೆಟ್ಟಗೆ ಚಾಚಿಕೊಂಡು ಪಟಪಟ ಬಡಿಯುತ್ತಿತ್ತು. ಬಣ್ಣ ಮಾಸದ ಹೊಸ ಬಟ್ಟೆ!

ಅದನ್ನೇ ನೋಡಿ ಗಾಳಿಯ ದಿಕ್ಕು ಹಿಡಿದು, ಗಾಳಿಗೆ ಮುಖ ಮಾಡಿಸಿ ಡ್ರೋನ್ ಇಳಿಸಿದಳು. ರೆಕ್ಕೆಗಳು ನಿಂತವು. ಅವಳ ಕಣ್ಣು ತುಂಬಿಬಂತು.

"ಯಾವಾಗ ಕಟ್ಟಿದ್ದು?"

"ಇದು ಮೊನ್ನೆ." ಅವನು ಲೋಟಗಳನ್ನು ಕೆಳಗಿಟ್ಟ. "ಮೊದಲನೇದು ಜಗಳ ಆಡಿದ ಮಾರನೇ ದಿನ. ಹರಿದಾಗೆಲ್ಲ ಹೊಸದು ಕಟ್ತಾ ಬಂದೆ. ನೀನು ನೋಡಿನೂ ಬರ್ಲಿಲ್ಲ ಅಂದ್ಕೊಂಡಿದ್ದೆ."

"ನಾನು ಮೇಲೆ ಹತ್ತಲೇ ಇಲ್ಲ, ರುದ್ರೇಶ. ಹತ್ತೋ ಹೊತ್ತಿಗೆ ಗೋಡೆ ಎದ್ದಿತ್ತು."

ಅವನು ಗೋಡೆಯನ್ನು ನೋಡಿದ, ಅವಳನ್ನು ನೋಡಿದ. ದಿನವೂ ಬಟ್ಟೆ ಒಣಹಾಕಲು ಬರುತ್ತಿದ್ದವಳು ಅದನ್ನು ಕಂಡೇ ಇರುತ್ತಾಳೆ ಎಂದು ಎಂಟು ವರ್ಷ ನಂಬಿದ್ದವನು ಮೆಟ್ಟಿಲಿನತ್ತ ತಿರುಗಿದ.

ಇಬ್ಬರೂ ಕೆಳಗಿಳಿದಾಗ ಜಗಲಿಯಲ್ಲಿದ್ದ ಅಂಬುಜಮ್ಮ, ಬೀದಿ ಕಂಡಿತೇನೇ ಎಂದು ಕೇಳಿದರು. ಕಂಡಿತು, ಈಗ ತಂದು ತೋರಿಸುತ್ತೇನೆ ಎಂದಳು ಶರಣ್ಯ. ಕಾಫಿ ಕುಡಿದಿರಾ ಎಂದು ಮಾತ್ರ ಅವರು ಕೇಳಲಿಲ್ಲ.

ರುದ್ರೇಶನ ತಾರಸಿಯಲ್ಲಿ ಎಲ್ಲವೂ ಹಾಗೇ ಇತ್ತು. ಅವರು ಕೂತು ದಾರ ಸುತ್ತುತ್ತಿದ್ದ ಕಟ್ಟೆಯೂ ಇತ್ತು. ಶರಣ್ಯ ಡ್ರೋನ್ ಎತ್ತಿಕೊಂಡು ಕಂಬದ ಪಕ್ಕ ನಿಂತಳು.

"ಅವತ್ತು ನಾನಂದಿದ್ದು ತಪ್ಪು," ಎಂದ ಅವನು. "ನಿಯಮ ಅಂತ ಕೂತ್ಕೊಂಡು, ಅದನ್ನ ಎದುರಿಗೆ ಬಂದು ಹೇಳ್ದೇ ಇದ್ದಿದ್ದು ಇನ್ನೂ ದೊಡ್ಡ ತಪ್ಪು. ನಂಗೆ ನೀನು ಬೇಕು, ಶರಣಿ."

"ಶ್ರಾವಣಕ್ಕೆ ನನ್ನ ನೋಡೋಕೆ ಬರ್ತಿದಾರೆ."

"ಅಂಬುಜಮ್ಮ ಹೇಳಿದ್ರು. ಅದಕ್ಕೇ ಮೊನ್ನೆ ಹೊಸದು ಕಟ್ಟಿದ್ದು."

ಅವಳು ಕಣ್ಣೊರೆಸಿಕೊಂಡು ನಕ್ಕಳು. ಅಪ್ಪನಿಗೆ ಇವತ್ತೇ ಹೇಳುತ್ತೇನೆ, ತುಮಕೂರಿನವರು ಬರುವುದು ಬೇಡ ಎಂದಳು. ಅವನು ಮೆಲ್ಲಗೆ ಅವಳ ಕೈ ಹಿಡಿದ.

"ಬಟ್ಟೆ ನೋಡಿ ಬರೋಕೆ ಎಂಟು ವರ್ಷ ಬೇಕಾಯ್ತಾ?"

"ಗಾಳಿಗೆ ಎದುರಾಗಿ ಬಂದಿದೀನಿ ಕಣೋ. ತಡ ಆಗಲ್ವಾ?"

"ಸರಿ. ವಾಪಸ್ ಹೋಗೋ ಹಠ ಮಾತ್ರ ಮಾಡ್ಬೇಡ."

"ಹೋಗೋದು ಹೇಗೆ?" ಅವನ ಭುಜಕ್ಕೆ ತಲೆಯಾನಿಸಿ ಅವಳೆಂದಳು. "ಬ್ಯಾಟರಿ ಖಾಲಿ."