ಎಡಗೈ ಕೋಚ್‌ಗೆ ಕೆಲಸ ಬೇಕಾಗಿದೆ

“ನನ್ನ ಮೇಲೆ ಯಾರೋ ಕತ್ತಿ ಮಸೀತಿದ್ದಾರೆ ಕಣೇ ಗಟ್ಟಿಗಿತ್ತಿ,” ಎನ್ನುತ್ತಾ ಕೋಚ್ ತನ್ನ ರ‍್ಯಾಕೆಟ್ಟನ್ನು ಅವಳ ಮೇಜಿನ ಮೇಲಿಟ್ಟ.

ಟೆನಿಸ್ ಕ್ಲಬ್ಬಿನ ಗ್ಯಾಲರಿಯ ಕೆಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ ರ‍್ಯಾಕೆಟ್ಟುಗಳಿಗೆ ಗಟ್, ಅಂದರೆ ಬಲೆಯ ತಂತಿ, ಹಾಕುವುದು ಅವಳ ಕೆಲಸ. ಗಟ್ಟಿಗಿತ್ತಿ ಎಂದು ಕರೆಯುವವನು ಅವನೊಬ್ಬನೇ. ಅದನ್ನು ಕೇಳಲೆಂದೇ ಆರು ವರ್ಷಗಳಿಂದ ಅವನ ರ‍್ಯಾಕೆಟ್ಟನ್ನು ಎಲ್ಲರದಕ್ಕಿಂತ ಮೊದಲು ಮುಗಿಸಿ, ಎಲ್ಲರಿಗಿಂತ ಕೊನೆಗೆ ಕೊಡುತ್ತಿದ್ದಳು.

“ಏನಾಯ್ತು?”

“ತಿಂಗಳ ಕೊನೆಗೆ ಜಾಗ ಖಾಲಿ ಮಾಡು ಅಂದ್ರು ಮ್ಯಾನೇಜರ್. ಟೆನಿಸ್‌ನವರ ಆ ಉದ್ಯೋಗದ ವೆಬ್‌ಸೈಟ್ ಇದೆಯಲ್ಲ, ಅದರಲ್ಲೊಂದು ಜಾಹೀರಾತು. ಹೆಸರಿಲ್ಲ, ಆದ್ರೆ ಓದಿದ್ರೆ ನಾನೇ.” ಅವನು ಫೋನು ನೋಡಿ ಓದಿದ. “‘ಎಡಗೈ ಕೋಚ್‌ಗೆ ಕೆಲಸ ಬೇಕಾಗಿದೆ. ಗಟ್ ಇಪ್ಪತ್ತೆರಡು ಕಿಲೋ ಬಿಗಿ, ಚಳಿಯಿದ್ದರೆ ಇಪ್ಪತ್ತೊಂದು. ಭುಜಕ್ಕೆ ಹಳೆಯ ಪೆಟ್ಟು. ಒಂದು ಗಂಟೆಗಿಂತ ಹೆಚ್ಚು ಸರ್ವ್ ಮಾಡಲಾರರು.’ ಭುಜದ ವಿಷಯ ಕ್ಲಬ್ಬಿಗೆ ಗೊತ್ತೇ ಇರ್ಲಿಲ್ಲ! ಅಲ್ಲಾ, ನೀನ್ಯಾಕೆ ಇಂಗು ತಿಂದ ಮಂಗನ ಹಾಗೆ ನಿಂತೆ?”

ಹತ್ತು ದಿನಗಳ ಹಿಂದೆ, ಅವನು ಎಡಗೈ ಏಳದೆ ನೀರಿನ ಬಾಟಲಿಯನ್ನು ಬಲಗೈಯಲ್ಲಿ ಎತ್ತಿಕೊಳ್ಳುವುದನ್ನು ನೋಡಿ, ಸಹಿಸಲಾಗದೆ ಅವಳು ಬರೆದದ್ದು ಅದು. ಎಲ್ಲಾದರೂ ಮಕ್ಕಳಿಗೆ ಕಲಿಸುವ, ಭುಜ ಉಳಿಯುವ ಕೆಲಸ ಸಿಗಲಿ ಎಂದು. ಸುಳ್ಳು ಬರೆದರೆ ಅಲ್ಲಿಯೂ ಭುಜಕ್ಕೆ ಇದೇ ಗತಿಯೆಂದು ಇದ್ದದ್ದನ್ನು ಇದ್ದಹಾಗೆ ಬರೆದಳು. ಹೆಸರು ಬಿಟ್ಟರೆ ಸಾಕು ಅಂದುಕೊಂಡಳು. ಆಟದವರಿಗೆ ಆ ಬಿಗಿಯ ಅಳತೆಯೇ ಹೆಬ್ಬೆಟ್ಟಿನ ಗುರುತೆಂದು ಹೊಳೆಯಲಿಲ್ಲ.

“ನಾನೇ ಬರೆದದ್ದು.”

ಅವನು ನಕ್ಕ. ಅವಳು ನಗಲಿಲ್ಲ. ಅವನ ನಗು ಅಲ್ಲೇ ನಿಂತಿತು.

“ಹೇಳ್ದೆ ಕೇಳ್ದೆ?”

“ಹೇಳಿದ್ರೆ ನೀವು ಬೇಡ ಅಂತಿದ್ರಿ.”

“ಬೇಡ ಅನ್ನೋ ಹಕ್ಕು ನಂದಲ್ವಾ?” ರ‍್ಯಾಕೆಟ್ಟನ್ನು ವಾಪಸ್ ತೆಗೆದುಕೊಂಡು ಹೋಗಿಬಿಟ್ಟ.

ಅವಳು ನೇರ ಮ್ಯಾನೇಜರ್ ಬಳಿ ಹೋದಳು. “ಅದು ನನ್ನ ತಪ್ಪು ಸರ್. ಅವರಿಗೆ ಗೊತ್ತೇ ಇರ್ಲಿಲ್ಲ.”

“ಬರೆದದ್ದು ಸುಳ್ಳಾ?”

“ಅಲ್ಲ.”

“ಮತ್ತೆ ಮುಗೀತಲ್ಲಮ್ಮ.”

ಮನೆಯಲ್ಲಿ ಅಕ್ಕನಿಗೆ ಹೇಳಿದರೆ, “ಅಷ್ಟೆಲ್ಲಾ ಬರೆಯೋಕೆ ಬರುತ್ತೆ, ಇಷ್ಟ ಅಂತ ಒಂದು ಮಾತು ಹೇಳೋಕೆ ಬರಲ್ವಾ ನಿನಗೆ?” ಎಂದಳು. ಮೂರು ದಿನ ಗಟ್ ಕೋಣೆಯತ್ತ ಕೋಚ್ ಸುಳಿಯಲಿಲ್ಲ. ಹೊರಗೆ ಅಂಕಣದಲ್ಲಿ ಚೆಂಡು ಬೀಳುವ ಸದ್ದಿನಲ್ಲೇ ಅವನ ಹೊಡೆತ ಯಾವುದೆಂದು ಅವಳಿಗೆ ತಿಳಿಯುತ್ತಿತ್ತು. ತಿಳಿಯದಿದ್ದರೆ ಚೆನ್ನಾಗಿತ್ತು.

ನಾಲ್ಕನೆಯ ದಿನ ಬಂದ.

“ಸಿಟ್ಟು ಹೋಗಿದೆ ಅಂದ್ಕೋಬೇಡ,” ಎಂದು ಬಾಗಿಲಲ್ಲೇ ನಿಂತ. “ಅವತ್ತು ಅರ್ಧ ಓದಿದ್ದೆ. ನಿನ್ನೆ ಪೂರ್ತಿ ಓದಿದೆ. ‘ತಪ್ಪಿ ಹೊಡೆದ ಮಗುವಿನೆದುರು ಮಂಡಿಯೂರಿ ಮಾತಾಡುತ್ತಾರೆ.’ ಸರಿ. ‘ನಗುವ ಮುಂಚೆ ಎಡ ಹುಬ್ಬು ಏರುತ್ತದೆ.’ ಹುಬ್ಬು ಯಾವ ಅರ್ಹತೆ ಕಣೇ?”

ಅವಳ ಕಿವಿ ಬಿಸಿಯಾಯಿತು. “ಅಳಿಸೋಕೆ ಮರೆತೆ.”

“ನೀನಾ? ಮರೆಯೋದಾ?”

“...ಅಳಿಸೋಕೆ ಮನಸ್ಸು ಬರ್ಲಿಲ್ಲ.”

ಅವನು ಒಳಗೆ ಬಂದು ಸ್ಟೂಲ್ ಎಳೆದು ಕೂತ. ದೂರದ ಊರಿನ ಮಕ್ಕಳ ಟೆನಿಸ್ ಶಾಲೆಯೊಂದು ಆ ಜಾಹೀರಾತಿನ ಬಿಗಿಯ ಅಳತೆಯಿಂದಲೇ ಅವನನ್ನು ಗುರುತಿಸಿ ನೇರ ಅವನಿಗೇ ಬರೆದಿತ್ತು. ಭುಜದ ವಿಷಯ ಓದಿಯೂ ಅವನೇ ಬೇಕೆಂದಿತ್ತು. ಜೊತೆಗೆ ಅವನ ಫೋನಿಗೊಂದು ಫಾರಂ ಕಳಿಸಿತ್ತು.

“ಎಲ್ಲಾ ತುಂಬಿದೀನಿ. ಇದೊಂದು ಬಾಕಿ. ‘ವಾಸಕ್ಕೆ ಎಷ್ಟು ಜನ ಬರುತ್ತೀರಿ?’” ಅವನ ದನಿ ಇಳಿಯಿತು. “ನಿನ್ನ ಹಾಗೆ ಕೇಳ್ದೆ ಬರೆಯೋನಲ್ಲ ನಾನು. ಒಂದಾ, ಎರಡಾ? ಒಂದು ಅಂದ್ರೂ ಬೇಜಾರಿಲ್ಲ... ಇದೆ, ಆದ್ರೂ ಹೇಳು.”

“ಅಲ್ಲಿ ಗಟ್ ಹಾಕೋರು ಇದ್ದಾರಾ?”

“ಇಲ್ವಂತೆ. ಅದನ್ನೇ ಮೊದಲು ವಿಚಾರಿಸಿದೆ.”

ಅವಳು ಅವನ ಫೋನು ತೆಗೆದುಕೊಂಡು ಎರಡು ಎಂದು ಒತ್ತಿದಳು. ಕಳಿಸುವ ಗುಂಡಿಯ ಮೇಲೆ ಬಂದ ಬೆರಳನ್ನು ಹಿಂದಕ್ಕೆಳೆದು, ಫೋನನ್ನು ಅವನತ್ತ ತಿರುಗಿಸಿದಳು.

“ಓದಿ. ಒಪ್ಪಿಗೆಯಿದ್ದರೆ ನೀವೇ ಕಳಿಸಿ.”

ಅವನು ಮೊದಲ ಸಾಲಿನಿಂದ ನಿಧಾನವಾಗಿ ಓದತೊಡಗಿದ.