ಹರಿಹರದಿಂದ ತಂದ ಸಿಡಿ

"ಅಣ್ಣಾ, ಐದು! ಐದು ಬಿದ್ದೈತೆ!" ಮಂಚದ ಕೆಳಗಿಂದಲೇ ತನುಶ್ರೀ ಕೂಗಿದಳು.

"ನೆಲಕ್ಕೆ ಬಿದ್ದಿದ್ದು ಲೆಕ್ಕಕ್ಕಿಲ್ಲ. ಹಲಗೆ ಮೇಲೆ ಬೀಳ್ಬೇಕು. ರೂಲ್ಸ್ ಅಂದ್ರೆ ರೂಲ್ಸ್."

ತನು ದಾಳವನ್ನು ಲಂಗಕ್ಕೆ ಒರೆಸಿ ಅಣ್ಣನ ಅಂಗೈಯಲ್ಲಿಟ್ಟಳು. ಕೊಟ್ಟೂರೇಶ್ ಬೆರಳು ಮಡಚಿ ಕೈ ಎತ್ತಲು ನೋಡಿದ. ತೋಳು ವೀಲ್‌ಚೇರಿನ ಹಿಡಿಯಿಂದ ಮೇಲೇಳಲಿಲ್ಲ. ದಾಳ ಬೆರಳ ಸಂದಿಯಿಂದ ಜಾರಿ ಉರುಳುತ್ತಾ ಮತ್ತೆ ಮಂಚದ ಕೆಳಗೆ ಹೋಯಿತು.

"ನಾನು ಹಾಕ್ಲಾ?"

"ಬ್ಯಾಡ. ದಾಳನೂ ನೀನೇ ಹಾಕಿ, ಬರೆಯೋದೂ ನೀನೇ ಬರೆದ್ರೆ, ನಾನೇನು ಆಡ್ದಂಗಾತು?"

ತನು ಮತ್ತೆ ಮಂಚದ ಕೆಳಗೆ ತೂರಿದಳು. ಹೋದ ವರ್ಷ ಈ ಹೊತ್ತಿಗೆ ಅಣ್ಣ ದಾಳವನ್ನು ಗೋಡೆಗೆ ತಾಗಿಸಿ ಹಲಗೆಗೆ ಬೀಳಿಸುತ್ತಿದ್ದ. ಅದಕ್ಕೂ ಎರಡು ವರ್ಷ ಹಿಂದೆ ನಡೆಯುತ್ತಿದ್ದ. ಕಾಲಿನ ಶಕ್ತಿ ಹೋಯಿತು, ಆಮೇಲೆ ತೋಳಿನದು. ಒಂಬತ್ತನೇ ಕ್ಲಾಸು ಮಹಡಿ ಮೇಲಿತ್ತು. ಅಲ್ಲಿಗೆ ಅವನ ಸ್ಕೂಲೂ ನಿಂತಿತು.

ರೋಲ್ ಪ್ಲೇಯಿಂಗ್ ಎನ್ನುವ ಈ ಆಟ ಅವರ ಮನೆಗೆ ಬಂದದ್ದು ಮೇಲಿನ ರೂಮಿನಲ್ಲಿ ಬಾಡಿಗೆಗಿದ್ದ ಇಂಜಿನಿಯರಿಂಗ್ ಹುಡುಗನಿಂದ. ದಿಲ್ಲಿ ಕಡೆಯವನು. ರೂಮು ಬಿಟ್ಟು ಹೋಗುವಾಗ ಜೆರಾಕ್ಸ್ ಮಾಡಿಸಿದ ರೂಲ್ಸ್ ಪುಸ್ತಕವನ್ನು ಕೊಟ್ಟೂರೇಶನಿಗೆ ಕೊಟ್ಟು ಹೋಗಿದ್ದ. ಮೊದಲು ಒಬ್ಬ ಮನುಷ್ಯನನ್ನು ಕಟ್ಟಬೇಕು. ಅವನಿಗೆ ಬಲ ಎಷ್ಟು, ಬುದ್ಧಿ ಎಷ್ಟು, ಚುರುಕು ಎಷ್ಟು, ಈಜು ಬರುತ್ತಾ, ಬೀಗ ತೆಗೆಯಲು ಬರುತ್ತಾ, ಎಲ್ಲಕ್ಕೂ ಹದಿನೆಂಟರವರೆಗೆ ಅಂಕಿ. ಆಮೇಲೆ ಅವನನ್ನು ಕಾಡಿಗೋ ಕೋಟೆಗೋ ಕಳಿಸಿ ಕತೆ ನಡೆಸಬೇಕು. ಕೊಟ್ಟೂರೇಶನ ನೋಟ್‌ಬುಕ್ಕಿನಲ್ಲಿ ಅಂಥ ನಲವತ್ತು ಜನರಿದ್ದರು. ನಾಯಿ ಕಂಡರೆ ಹೆದರುವ ಗೂಢಚಾರಿಣಿ ಒಬ್ಬಳು. ಲೆಕ್ಕ ಬಾರದ ಸೇನಾಪತಿ ಒಬ್ಬ.

"ಎಲ್ಲಾದ್ರಾಗೂ ಹದಿನೆಂಟು ಇದ್ರೆ ಅವ್ನು ಮನುಷ್ಯ ಅಲ್ಲ, ಕ್ಯಾಲೆಂಡರ್‌ನಾಗಿನ ದೇವ್ರು" ಎನ್ನುತ್ತಿದ್ದ ಕೊಟ್ಟೂರೇಶ್.

ದಾಳ ಕೈಜಾರಿದ ಆ ದಿನ ಅವನೇ ಹೇಳಿದ.

"ತನೂ, ಇಂಥ ಗೇಮು ಕಂಪ್ಯೂಟರ್‌ನಾಗೂ ಅದಾವಂತೆ. ಮ್ಯಾಗಜಿನ್‌ನಾಗೆ ಓದಿದ್ದೆ. ದಾಳ ಅದೇ ಹಾಕುತ್ತೆ. ನಾವು ಬರೀ ಮೌಸ್ ಒತ್ತಿದ್ರಾತು."

ಅವನ ಬೆರಳುಗಳು ಇನ್ನೂ ಆಡುತ್ತಿದ್ದವು. ಹೋದ ದೀಪಾವಳಿಗೆ ಅಪ್ಪಾಜಿ ಕೊಡಿಸಿದ್ದ ಕಂಪ್ಯೂಟರ್ ಹೊದಿಕೆ ಹೊದ್ದು ಮೂಲೆಯಲ್ಲಿ ಕೂತಿತ್ತು. ಅದರಲ್ಲಿದ್ದದ್ದು ಇಸ್ಪೀಟು, ಒಂದು ಕಾರ್ ರೇಸು.

"ನಾನು ಹುಡುಕ್ತೀನಿ" ಎಂದಳು ತನು.

ಮರುದಿನ ಸ್ಕೂಲು ಬಿಟ್ಟ ಮೇಲೆ ಅವಳು ಶಬ್ಬೀರಣ್ಣನ ಸಿಡಿ ಅಂಗಡಿಗೆ ಹೋದಳು. ಅವರಿದ್ದ ನಿಜಲಿಂಗಪ್ಪ ಬಡಾವಣೆಯ ಮಕ್ಕಳೆಲ್ಲ ಗೇಮಿಗೆ ಹೋಗುತ್ತಿದ್ದದ್ದು ಅಲ್ಲಿಗೇ.

"ಶಬ್ಬೀರಣ್ಣ, ರೋಲ್ ಪ್ಲೇಯಿಂಗ್ ಐತಾ?"

"ಯಾಕಿಲ್ಲ!" ಶಬ್ಬೀರ್ ಹುಡುಕಿ ಹುಡುಕಿ ಒಂದು ಸಿಡಿ ತೆಗೆದುಕೊಟ್ಟ.

ಮನೆಗೆ ತಂದು ಹಾಕಿದರೆ, ಪರದೆಯ ಮೇಲೆ ಟೈ ಕಟ್ಟಿದ ಒಬ್ಬ ಬಂದು, "ಗುಡ್ ಮಾರ್ನಿಂಗ್ ಸರ್, ವಾಟ್ ವುಡ್ ಯು ಲೈಕ್ ಟು ಈಟ್?" ಎಂದ. ಅದು ಇಂಗ್ಲಿಷ್ ಮಾತಾಡಲು ಕಲಿಸುವ ಸಿಡಿ. ಒಬ್ಬರು ಹೋಟೆಲ್ ಮಾಣಿ ಆಗಬೇಕು, ಇನ್ನೊಬ್ಬರು ಗಿರಾಕಿ. ಕೊಟ್ಟೂರೇಶ್ ನಕ್ಕ. ನಗು ಬಿಕ್ಕಳಿಕೆಯಾಯಿತು. ಅಮ್ಮ ಗುರುಶಾಂತಮ್ಮ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಓಡಿಬಂದಳು. ಮಗ ನಗುತ್ತಿರುವುದನ್ನು ನೋಡಿ ಬಾಗಿಲಲ್ಲೇ ನಿಂತಳು.

ಬದಲಿಸಿ ತಂದ ಎರಡನೆಯ ಸಿಡಿಯಲ್ಲಿ ಕತ್ತಿ ಇತ್ತು, ರಾಕ್ಷಸರಿದ್ದರು. ಆದರೆ ಮನುಷ್ಯನನ್ನು ಕಟ್ಟುವ ಹಾಗಿರಲಿಲ್ಲ. ಮೂರು ಚಿತ್ರ ತೋರಿಸಿ, ಒಂದನ್ನು ಒತ್ತು ಎನ್ನುತ್ತಿತ್ತು. ಆಮೇಲೆ ಹೊಡೆಯುವುದೇ ಹೊಡೆಯುವುದು.

"ಇವ್ನಿಗೆ ಒಂದು ಹೆಸರಿಡೋಕೂ ಬಿಡಲ್ಲಲ್ಲ ತನು" ಎಂದು ಕೊಟ್ಟೂರೇಶ್ ಮೌಸ್ ಬಿಟ್ಟ. "ಹೋಗ್ಲಿ ಬಿಡು. ಹುಡುಕೋದು ಸಾಕು."

ತನು ಬಿಡಲಿಲ್ಲ. ಈ ಸಲ ಅಣ್ಣನ ನೋಟ್‌ಬುಕ್ಕನ್ನೇ ಬ್ಯಾಗಿನಲ್ಲಿಟ್ಟುಕೊಂಡು ಹೋಗಿ ಅಂಗಡಿಯಲ್ಲಿ ಬಿಡಿಸಿ ತೋರಿಸಿದಳು. ಶಬ್ಬೀರ್ ಪುಟ ತಿರುವುತ್ತಾ ಗಲ್ಲ ಕೆರೆದುಕೊಂಡ.

"ಅಯ್ಯೋ, ಇದಾ! ಇದು ನಮ್ ತೌಸೀಫ್‌ಗೆ ಇದ್ದ ಹುಚ್ಚು. ನಮ್ ಮಾವನ ಮಗ, ಹರಿಹರದಾಗೆ. ಈಗ ದುಬೈನಾಗೆ ಕೆಲ್ಸಕ್ಕೆ ಹೋಗ್ಯಾನೆ. ಸಿಡಿ ಎಲ್ಲಾ ಮನ್ಯಾಗೇ ಅದಾವೆ. ಚೀಟಿ ಬರೆದುಕೊಡ್ತೀನಿ, ನಿಮ್ಮಪ್ಪಾಜಿನ ಕರ್ಕೊಂಡು ಹೋಗು."

ಅಪ್ಪಾಜಿ ಬಕ್ಕೇಶಪ್ಪನಿಗೆ ಬಟ್ಟೆ ಅಂಗಡಿ. ಭಾನುವಾರವೂ ವ್ಯಾಪಾರ ಬಿಡುವವನಲ್ಲ. ಆ ಭಾನುವಾರ ಮಾತ್ರ ಒಂದು ಮಾತೂ ಕೇಳದೆ ಚಪ್ಪಲಿ ಮೆಟ್ಟಿಕೊಂಡು, "ನಡಿ" ಎಂದ.

ಹರಿಹರದಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ತೌಸೀಫನ ಅಪ್ಪ ಫಜಲುಲ್ಲಾ ಅವರ ಮನೆ. ಮುಂದಿನ ಕೋಣೆಯೇ ರೇಡಿಯೋ, ಟಿ.ವಿ. ರಿಪೇರಿ ಅಂಗಡಿ. ಬಿಳಿ ಗಡ್ಡದ ಫಜಲುಲ್ಲಾ ಚೀಟಿ ಓದಿ, ಕನ್ನಡಕ ಹಣೆಗೇರಿಸಿದರು.

"ಬರ್ರಿ, ಕೂಡ್ರಿ ಸಾವ್ಕಾರ್ರೆ. ಏ ಖತೀಜಾ, ಚಾ ಇಡು."

ಒಳಗಿನಿಂದ ತೌಸೀಫನ ಅಮ್ಮ ಖತೀಜಾಬೀ ಬಂದರು. ವಿಷಯ ಕೇಳಿ ಅವರ ಮುಖ ಚಿಕ್ಕದಾಯಿತು.

"ನಮ್ಮ ಹುಡ್ಗ ಯಾರಿಗೂ ಮುಟ್ಟಿಸ್ಬ್ಯಾಡ ಅಂತ ಹೇಳಿ ಹೋಗ್ಯಾನೆ. ನೋಡೋದಾದ್ರೆ ನೋಡು ಬೇಟಿ. ಒಂದು ಬೇಕಾದ್ರೆ ಒಯ್ಯಿ. ರಂಜಾನ್‌ಗೆ ಅವ್ನು ಬರೋದ್ರೊಳಗ ವಾಪಸ್ ಕೊಡ್ಬೇಕು."

ಪರದೆಯಾಚೆಯ ಕೋಣೆಯಲ್ಲಿ ಅವರು ಒಂದು ಬಿಸ್ಕತ್ತಿನ ಡಬ್ಬಿ ತೆಗೆದು ತನುವಿನ ಮುಂದಿಟ್ಟರು. ಅದರ ತುಂಬ ಸಿಡಿಗಳು. ಎಲ್ಲದರ ಮೇಲೂ ರಾಕ್ಷಸರು, ಬೆಂಕಿ, ಕತ್ತಿ. ಯಾವುದು ಬೇಕಾದದ್ದೆಂದು ಚಿತ್ರ ನೋಡಿ ತಿಳಿಯುವಂತಿರಲಿಲ್ಲ. ತನು ಒಂದೊಂದರ ಜೊತೆಗಿದ್ದ ಪುಸ್ತಕವನ್ನೂ ಬಿಚ್ಚಿ, ಅಂಕಿಗಳ ಪಟ್ಟಿ ಇದೆಯೇ ಎಂದು ನೋಡತೊಡಗಿದಳು.

"ಇದು ನೋಡು, ಭಾಳ ದಪ್ಪ ಐತೆ" ಎಂದು ಖತೀಜಾಬೀ ಒಂದನ್ನು ಎಳೆದರು. "ಊಟ ಬಿಟ್ಟು ಇದ್ನೇ ಓದ್ತಿದ್ದ."

ತನು ತೆರೆದಳು. ಪುಟಗಟ್ಟಲೆ ಪಟ್ಟಿಗಳು. ಅಂಚಿನಲ್ಲೆಲ್ಲ ಪೆನ್ಸಿಲಿನಲ್ಲಿ ತೌಸೀಫ್ ಬರೆದ ಹೆಸರುಗಳು, ಅಂಕಿಗಳು, ಅಳಿಸಿ ಮತ್ತೆ ಬರೆದ ಅಂಕಿಗಳು. ಥೇಟ್ ಅಣ್ಣನ ನೋಟ್‌ಬುಕ್ಕಿನ ಹಾಗೆ.

ಸಿಕ್ಕಿತು ಎಂದು ಕೂಗಬೇಕು ಎನ್ನುವಷ್ಟರಲ್ಲಿ ಪರದೆಯಾಚೆಯಿಂದ ಅಪ್ಪಾಜಿಯ ದನಿ ಕೇಳಿಸಿತು. ಅದು ಅಂಗಡಿಯ ದನಿಯಲ್ಲ, ಮನೆಯ ದನಿಯೂ ಅಲ್ಲ.

"ದೊಡ್ಡ ಡಾಕ್ಟ್ರಿಗೂ ತೋರಿಸಿದ್ವಿ ಸಾಹೇಬ್ರೆ. ಔಷಧ ಇಲ್ವಂತೆ. ಕೈ ಆದ್ಮೇಲೆ ಎದಿ, ಆಮೇಲೆ ಉಸಿರು. ಇಪ್ಪತ್ತು ದಾಟಿದ್ರೆ ಹೆಚ್ಚು ಅಂದ್ರು. ಮನ್ಯಾಗೆ ಯಾರಿಗೂ ಹೇಳಿಲ್ರಿ. ಅವ್ರಮ್ಮಗೂ ಹೇಳಿಲ್ಲ."

ಖತೀಜಾಬೀ ಒಮ್ಮೆಲೇ ಜೋರಾಗಿ ಮಾತಾಡತೊಡಗಿದರು. "ನಿನ್ ಹೆಸರೇನಮ್ಮ? ಎಷ್ಟನೇ ಕ್ಲಾಸು? ಮಂಡಕ್ಕಿ ತಿಂತೀಯಾ?"

"ಐದನೇ ಕ್ಲಾಸು" ಎಂದಳು ತನು. ಅವಳ ತಲೆಯೊಳಗೆ ಲೆಕ್ಕ ತಾನೇ ಆಗಿಹೋಗಿತ್ತು. ಅಣ್ಣನಿಗೆ ಹದಿನೈದು. ಇಪ್ಪತ್ತರಲ್ಲಿ ಹದಿನೈದು ಕಳೆದರೆ ಐದು.

ಖತೀಜಾಬೀ ಅವಳನ್ನು ನೋಡಿದರು. ಸಿಡಿ ಮತ್ತು ಪುಸ್ತಕವನ್ನು ಪೇಪರಿನಲ್ಲಿ ಸುತ್ತಿ, ದಾರ ಕಟ್ಟಿ, ಅವಳ ಕೈಯಲ್ಲಿಟ್ಟು, ಕೈಯನ್ನು ಸ್ವಲ್ಪ ಹೊತ್ತು ಹಿಡಿದೇ ಇದ್ದರು.

"ವಾಪಸ್ ಕೊಡೋದು ಬ್ಯಾಡ ಬೇಟಿ. ನಿಮ್ಮಣ್ಣನೇ ಇಟ್ಕಳ್ಳಲಿ. ತೌಸೀಫ್‌ಗೆ ನಾನು ಹೇಳ್ತೀನಿ."

ವಾಪಸ್ ಬರುವಾಗ ಬಸ್ಸಿನಲ್ಲಿ ಅಪ್ಪಾಜಿ ಶೇಂಗಾ ಕೊಡಿಸಿದ. ತನು ಪೊಟ್ಟಣ ಹಿಡಿದುಕೊಂಡೇ ಕೂತಳು.

"ತಲಿ ತಿರುಗ್ತೈತಾ?"

"ಇಲ್ಲ ಅಪ್ಪಾಜಿ."

"ಮತ್ತ್ಯಾಕ ಸುಮ್ನಿದೀಯಾ? ಗೇಮು ಸಿಕ್ತಲ್ಲ."

"ಹ್ಞೂಂ. ಸಿಕ್ತು."

ಕಿಟಕಿಯಾಚೆ ಗದ್ದೆಗಳು ಹಿಂದೆ ಹಿಂದೆ ಓಡುತ್ತಿದ್ದವು. ಕೇಳಿದ್ದನ್ನು ಯಾರಿಗೂ ಹೇಳುವುದಿಲ್ಲ, ಅಣ್ಣನಿಗಂತೂ ಗೊತ್ತೇ ಆಗಬಾರದು ಎಂದು ತನು ಹಲ್ಲು ಕಚ್ಚಿಕೊಂಡಳು. ಊರು ಬರುವ ಹೊತ್ತಿಗೆ ಅವಳ ದವಡೆ ನೋಯುತ್ತಿತ್ತು.

ಮನೆಯಲ್ಲಿ ಕೊಟ್ಟೂರೇಶ್ ಕಾಯುತ್ತಿದ್ದ. ಅಮ್ಮ ಅವನ ತೊಡೆಯ ಮೇಲೆ ದಿಂಬು, ದಿಂಬಿನ ಮೇಲೆ ಹಲಗೆ, ಅದರ ಮೇಲೆ ಮೌಸ್ ಇಟ್ಟುಕೊಟ್ಟಳು. ಸಿಡಿ ಗುರ್ರೆಂದು ತಿರುಗಿತು. ಪರದೆ ಕಪ್ಪಾಗಿ, ಆಮೇಲೆ ಒಂದು ಖಾಲಿ ಪಟ್ಟಿ ಮೂಡಿತು. ಮೇಲೆ ಹೆಸರಿಗೆ ಜಾಗ. ಕೆಳಗೆ ಬಲ, ಚುರುಕು, ತಾಳಿಕೆ, ಬುದ್ಧಿ. ಬಲಗಡೆ ಮೂವತ್ತು ವಿದ್ಯೆಗಳು. ಹಂಚಲು ಇಂತಿಷ್ಟು ಅಂಕ.

"ತನೂ!" ಎಂದ ಕೊಟ್ಟೂರೇಶ್. ಪಟ್ಟಿಯನ್ನು ಮೇಲಿಂದ ಕೆಳಗೆ ಒಂದೊಂದೇ ಸಾಲು ಓದಿದ.

ಆಮೇಲೆ ತೋರುಬೆರಳು ಶುರುವಾಯಿತು. ಒಂದು ಅಂಕ ಇಲ್ಲಿ, ಎರಡು ಅಲ್ಲಿ, ಬೇಡ, ಮತ್ತೆ ವಾಪಸ್. ಮೊದಲು ಅವನು ತನಗೆಂದು ಒಬ್ಬನನ್ನು ಕಟ್ಟಿದ. ಬುದ್ಧಿ ಹದಿನೇಳು. ನೆನಪು, ಹಾಡು, ಹಳೇ ಭಾಷೆ ಓದುವ ವಿದ್ಯೆ, ಎಲ್ಲವೂ ಬೇಕಾದಷ್ಟು. ದಣಿಯದೆ ತಡೆದುಕೊಳ್ಳುವ ತಾಳಿಕೆಗೆ ಮಾತ್ರ ನಾಲ್ಕು.

"ತಾಳಿಕೆ ಹಾಕಣ್ಣ! ಹದಿನೆಂಟು ಹಾಕು!" ಎಂದಳು ತನು. ಅವಳ ದನಿ ಬೇಕಾದ್ದಕ್ಕಿಂತ ಜೋರಾಗಿತ್ತು. "ನಾಲ್ಕಿದ್ರೆ ಇವ್ನು ದೂರ ನಡೆಯಲ್ಲ."

"ಎಷ್ಟು ದೂರ ಆಗುತ್ತೋ ಅಷ್ಟು" ಎಂದ ಕೊಟ್ಟೂರೇಶ್. "ಈಗ ನಿಂದು."

ತನುವಿನವಳನ್ನು ಕಟ್ಟಲು ಅವನು ಇನ್ನೂ ಹೆಚ್ಚು ಹೊತ್ತು ತೆಗೆದುಕೊಂಡ. ಅಮ್ಮ ಎರಡು ಸಲ ಬಂದು ಅವನ ತೋಳನ್ನು ಸರಿಮಾಡಿ ಹೋದಳು. ಈಜು. ಬೀಗ ತೆಗೆಯುವುದು. ಗಾಯಕ್ಕೆ ಔಷಧ ಕಟ್ಟುವುದು. ನಕ್ಷೆ ಓದಿ ದಾರಿ ಹುಡುಕುವುದು. ಒಂದೊಂದಕ್ಕೂ ಅಂಕ ಹಾಕುತ್ತಾ, ಪುಸ್ತಕ ತಿರುವಿಸಿ ನೋಡುತ್ತಾ ಹೋದ. ಕೊನೆಗೆ ಇಬ್ಬರನ್ನೂ ಸಾಲಿನಲ್ಲಿ ನಿಲ್ಲಿಸುವ ಪರದೆ ಬಂತು. ಅವನು ತನುವಿನವಳನ್ನು ಮುಂದೆ ಇಟ್ಟ, ತನ್ನವನನ್ನು ಹಿಂದೆ.

ಅವರ ಪುಸ್ತಕದ ಆಟದಲ್ಲಿ ಯಾವಾಗಲೂ ಮುಂದೆ ಹೋಗುತ್ತಿದ್ದವನು ಅಣ್ಣನೇ.

"ಎಲ್ಲಾ ವಿದ್ಯೆನೂ ನಂಗೇ ಯಾಕಣ್ಣ? ದಾರಿ ನೋಡೋದು ನಿಂದಲ್ವಾ?"

"ಕಾಡು ಭಾಳ ದೊಡ್ಡದೈತೆ ತನು. ನಡುವೆ ಎಲ್ಲಾದ್ರೂ ನನ್ನೋನು ಕೂತ್ಬಿಟ್ರೆ, ನಿನ್ನೋಳಿಗೆ ದಾರಿ ಗೊತ್ತಿರ್ಬೇಕು."

ಅವನು ಪರದೆಯನ್ನೇ ನೋಡುತ್ತಿದ್ದ. ಮುಖದಲ್ಲಿ ಅಳುವಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಅಂಕಿ ಬರೆಯುವಾಗ ಇರುತ್ತಿದ್ದ ಮುಖವೇ ಅದು.

ಬಸ್ಸಿನಲ್ಲಿ ತನು ಹಲ್ಲು ಕಚ್ಚಿ ಹಿಡಿದುಕೊಂಡು ಬಂದ ಮಾತನ್ನು ಅಣ್ಣನಿಂದ ಮುಚ್ಚಿಡಬೇಕಾಗಿಯೇ ಇರಲಿಲ್ಲ. ಅಪ್ಪಾಜಿ ಯಾರಿಗೂ ಹೇಳಿರಲಿಲ್ಲ. ಆದರೆ ದಿನದಿನವೂ ಸೋಲುತ್ತಿದ್ದ ಕೈ ಅಣ್ಣನದೇ ಅಲ್ಲವೇ?

"ಶುರು ಮಾಡಾಣ?" ಕೇಳಿದ ಕೊಟ್ಟೂರೇಶ್. ಬೆರಳು ಗುಂಡಿಯ ಮೇಲಿತ್ತು.

ತನು ಸ್ಟೂಲನ್ನು ಅವನ ಪಕ್ಕಕ್ಕೆ ಎಳೆದುಕೊಂಡಳು. ಪುಸ್ತಕವನ್ನು ತೊಡೆಯ ಮೇಲೆ ಬಿಚ್ಚಿಟ್ಟುಕೊಂಡಳು.

"ತಡಿ ಅಣ್ಣ. ನಕ್ಷೆ ಹೆಂಗೆ ಓದೋದು ಅಂತ ಮೊದಲು ಹೇಳ್ಕೊಡು," ಎಂದಳು. "ನಿಧಾನಕ್ಕೆ ಹೇಳು."