ಬಿಳಿ ಗವಸಿನ ಒಳಗೆ

“ಈ ಕೈಗೆ ಕೂದಲಿನ ಕೆಲಸ ಒಗ್ಗಲ್ಲ. ಬೇರೆ ವಿಭಾಗ ನೋಡ್ಕೋ!”

ಜಪಾನಿನ ಸೆಂದಾಯ್ ನಗರದ ವೃತ್ತಿ ಶಾಲೆಯಲ್ಲಿ ಅಂದು ಸೇರಬಯಸುವವರಿಗೆ ಪರಿಚಯದ ಪಾಠ. ಗೊಂಬೆಯ ತಲೆಗೆ ಶಾಂಪೂ ತಿಕ್ಕಿದ ಹತ್ತೇ ನಿಮಿಷಕ್ಕೆ ಚಿಹಾರುವಿನ ಬೆರಳುಗಳು ಕೆಂಪೇರಿದ್ದವು. ಅದನ್ನು ನೋಡಿ ಎಲ್ಲರೆದುರು ಹಾಗೆಂದವನು ಹಿರಿಯ ವಿದ್ಯಾರ್ಥಿ ಮಸಾಟೊ. ಕೈಗೆ ಬಿಳಿ ಹತ್ತಿ ಗವಸು, ಮುಖ ಕಲ್ಲು.

ಕಿಸಕ್ಕನೆ ನಕ್ಕರು ಎಲ್ಲರೂ.

ಇವನ್ಯಾರು ನನ್ನ ಹಣೆಬರಹ ಬರೆಯೋಕೆ?

ರೇಷ್ಮೆಯ ಕಿಮೊನೊ ಉಡುಪಿನ ಹೊಲಿಗೆಯೋ, ಕೇಶಾಲಂಕಾರವೋ ಎಂದು ಅದುವರೆಗೆ ಹೊಯ್ದಾಡುತ್ತಿದ್ದವಳು, ಹಠಕ್ಕೆ ಬಿದ್ದು ಅರ್ಜಿಯಲ್ಲಿ ಕೇಶಾಲಂಕಾರವನ್ನೇ ಬರೆದಳು.

ಏಪ್ರಿಲ್‌ನಲ್ಲಿ ಸೇರಿದಾಗ ಮಸಾಟೊ ತರಗತಿಯಲ್ಲಿರಲಿಲ್ಲ. ಓದು ಬಿಟ್ಟು ಶಾಲೆಯ ಕಚೇರಿಯಲ್ಲೇ ಗುಮಾಸ್ತನಾಗಿದ್ದ.

“ಇನ್ನೂ ಬಿಟ್ಟಿಲ್ವಾ?” ಕಂಡಾಗಲೆಲ್ಲ ಅದೇ ಪ್ರಶ್ನೆ.

“ನಿಮ್ಮ ಹೊಟ್ಟೆ ಉರಿಸೋಕೇ ಬರ್ತೀನಿ, ಮಸಾಟೊ-ಸಾನ್!”

ಕೆಲಸವಿಲ್ಲದಿದ್ದರೂ ಅವಳು ಕಚೇರಿಯ ಮುಂದೆಯೇ ಹಾದುಹೋಗುತ್ತಿದ್ದಳು. ಬೈಯುವುದಕ್ಕಷ್ಟೇ... ಎಂದು ತನಗೆ ತಾನೇ ಸುಳ್ಳು ಹೇಳಿಕೊಳ್ಳುತ್ತಿದ್ದಳು, ಪಾಪ!

ನವೆಂಬರ್ ಹೊತ್ತಿಗೆ ಬೆರಳುಗಳು ಬಿರಿದು ಕತ್ತರಿಗೆ ರಕ್ತ ಹತ್ತತೊಡಗಿತು. “ಶಾಂಪೂ ಕೆಲಸ ನಿಲ್ಲಿಸಲೇಬೇಕು” ಎಂದರು ವೈದ್ಯರು. ಅವಳು ಹೊಲಿಗೆ ವಿಭಾಗಕ್ಕೆ ಓಡಿದಳು. ಅಲ್ಲಿನ ಶಿಕ್ಷಕಿ ಅವಳ ಅಂಗೈ ಮೇಲೆ ರೇಷ್ಮೆ ಎಳೆದರು. ಒರಟು ಚರ್ಮಕ್ಕೆ ಸಿಕ್ಕಿ ನೂಲು ಕಿತ್ತುಬಂತು.

“ಈ ಕೈಗೆ ರೇಷ್ಮೆ ಕೊಡೋಕಾಗಲ್ಲಮ್ಮ.”

ಎರಡು ಬಾಗಿಲೂ ಮುಚ್ಚಿದವು. ಚಿಹಾರು ಶಾಲೆ ಬಿಡುವ ಅರ್ಜಿಯನ್ನು ಮಸಾಟೊನ ಮುಂದಿಟ್ಟಳು.

“ಕಾರಣದ ಜಾಗದಲ್ಲಿ ‘ನನ್ನ ಕೈ’ ಅಂತ ಬರ್ದಿದೀಯಲ್ಲ. ಎಲ್ಲರೂ ‘ಸ್ವಂತ ಕಾರಣ’ ಅಂತಾನೇ ಬರೆಯೋದು.”

“ನಾನ್ಯಾಕೆ ಮುಚ್ಚಿಡಲಿ?”

ಅವನು ಮೆಲ್ಲನೆ ಗವಸು ಕಳಚಿದ. ಅವನ ಬೆರಳುಗಳೂ ಸೀಳಿಹೋಗಿದ್ದವು, ಉಗುರಿನವರೆಗೂ!

“ನಾನು ಮುಚ್ಚಿಟ್ಟೆ. ‘ಸ್ವಂತ ಕಾರಣ’ ಅಂತಾನೇ ಬರೆದೆ.”

“ಅವತ್ತೇ ತೋರಿಸ್ಬಹುದಿತ್ತಲ್ಲ!”

“ಅಷ್ಟು ಜನರ ಮುಂದೆ... ನಾಚಿಕೆಯಾಯ್ತು.”

“ನಿಮ್ಮ ನಾಚಿಕೆಗೆ ನನ್ನ ಕೈ ಹೋಯ್ತು!”

ಅವಳು ಗಳಗಳನೆ ಅತ್ತಳು. ಅವನು ಕ್ಷಮೆ ಕೇಳಲಿಲ್ಲ. ಕೇಳುವ ಮುಖವಿರಲಿಲ್ಲ.

“ದಿನಾ ‘ಬಿಟ್ಟಿಲ್ವಾ’ ಅಂತಿದ್ದೆ. ಬಿಟ್ರೆ ನಿನ್ನ ಕೈ ಉಳಿಯುತ್ತೆ. ಆದ್ರೆ... ಬಿಟ್ರೆ ನೀನು ಸಿಗಲ್ಲ. ನಿನ್ನನ್ನ ಪ್ರೀತಿಸ್ತೀನಿ, ಚಿಹಾರು.”

ಇದನ್ನು ಕೇಳಲು ಎಷ್ಟು ಹಂಬಲಿಸಿದ್ದಳು! ಈಗ ಅದೂ ಉರಿಯಿತು.

“ಮೊದಲು ಅರ್ಜಿಗೆ ಮೊಹರು ಹಾಕಿ,” ಎಂದಳು.

ಹಾಕಿದ. ಆ ಕೆಂಪು ಶಾಯಿ ಒಣಗುವ ಮೊದಲೇ ಅವಳು ಅವನ ಕೈ ಹಿಡಿದಳು, ಗಟ್ಟಿಯಾಗಿ. ಇಬ್ಬರ ಗಾಯಗಳೂ ತೆರೆದುಕೊಂಡವು.

“ನೋಯುತ್ತಾ?” ಅವನು ಕೇಳಿದ.

“ತುಂಬಾ... ಬಿಡಬೇಡಿ.”